ಗೌಹರ್ ಜಾನ್ ಅವರ ಮೂರು ನಿಮಿಷಗಳು: ಹಳೆಯ ತಟ್ಟೆಗಳಿಂದ ಒಂದು ಜೀವನವನ್ನು ಕೇಳಿಸಿದ ಅನುಭವ

ಗ್ರಾಮಫೋನ್ ತಟ್ಟೆಗಳಿಂದ ದೇಶದಾದ್ಯಂತ ಹೆಸರಾದ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಅವರ ಬಗ್ಗೆ ಮಾತನಾಡುವವರು ಬಹುತೇಕ ಅವರ ಒಡವೆಗಳಿಂದ, ನಾಲ್ಕು ಕುದುರೆಯ ಸಾರೋಟಿನಿಂದ, ಬೆಕ್ಕು ಮರಿ ಹಾಕಿದ್ದಕ್ಕೆ ಸಾವಿರಾರು ರೂಪಾಯಿ ಸುರಿದು ಔತಣ ಮಾಡಿಸಿದರೆಂಬ ಕಥೆಯಿಂದ ಆರಂಭಿಸುತ್ತಾರೆ; ಮೈಸೂರಿನಲ್ಲಿ ಒಂಟಿಯಾಗಿ ತೀರಿಕೊಂಡರೆಂಬ ವಿಷಾದದಲ್ಲಿ ಮುಗಿಸುತ್ತಾರೆ. ಇವೆರಡರ ನಡುವೆ ಅವರು ಹೇಗೆ ಹಾಡುತ್ತಿದ್ದರು ಎಂಬುದು ಒಂದೆರಡು ವಾಕ್ಯಗಳಲ್ಲಿ ಕಳೆದುಹೋಗುತ್ತದೆ. ಉಡುಪಿಯ ಸಂಗೀತಾಸಕ್ತರ ಒಂದು ಸಂಜೆಯ ಕೂಟಕ್ಕೆ ಅವರ ಜೀವನವನ್ನು ಪರಿಚಯಿಸುವ ಹೊಣೆ ನನಗೆ ಬಂದಾಗ ಈ ಕ್ರಮವನ್ನು ಬದಲಿಸಬೇಕೆಂದು ನಿಶ್ಚಯಿಸಿದೆ. ಮೊದಲು ಅವರ ಹಾಡನ್ನು ಕೇಳಿಸುವುದು, ಕೇಳಿದವರಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರವಾಗಿ ಜೀವನದ ಸಂಗತಿಗಳನ್ನು ಹೇಳುವುದು ಎಂದುಕೊಂಡೆ. ಆದರೆ ಹಾಗೆ ಕೇಳಿಸಬೇಕಾದರೆ ನೂರು ವರ್ಷ ದಾಟಿದ ತಟ್ಟೆಯಿಂದ ಗಾಯಕಿಯ ಧ್ವನಿಯನ್ನು ಸಾಧ್ಯವಾದಷ್ಟು ನಿಜವಾಗಿ ಹೊರತೆಗೆಯಬೇಕಿತ್ತು, ಮತ್ತು ಸಿದ್ಧತೆಯ ಹೆಚ್ಚಿನ ಕಾಲವನ್ನು ಆ ಕೆಲಸವೇ ತೆಗೆದುಕೊಂಡಿತು.

ತಟ್ಟೆಗಳು ಸಿಕ್ಕಿದ್ದು ಮಂಗಳೂರಿನ ರಥಬೀದಿಯ ಸಮೀಪದ ಒಂದು ಹಳೆಯ ಹೆಂಚಿನ ಮನೆಯಲ್ಲಿ. ಆ ಮನೆತನದವರು ಮೂರು ತಲೆಮಾರಿನ ಹಿಂದೆ ಮುಂಬಯಿಯೊಂದಿಗೆ ವ್ಯಾಪಾರ ಇಟ್ಟುಕೊಂಡಿದ್ದವರು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ; ಅದಕ್ಕೂ ಮೊದಲು, ಅದರ ನಂತರವೂ ಬಹುಕಾಲ, ಮುಂಬಯಿಯ ಸರಕು ಹಡಗಿನಲ್ಲೇ ಬರುತ್ತಿತ್ತು. ಬಟ್ಟೆ, ಗಾಜಿನ ದೀಪಗಳ ಜೊತೆಗೆ ಈ ತಟ್ಟೆಗಳೂ ಹಾಗೆಯೇ ಬಂದಿರಬೇಕು. ಮನೆಯ ಹಿರಿಯ ಮಹಿಳೆ ಅವುಗಳನ್ನು ನನ್ನ ಕೈಗೆ ಕೊಡುತ್ತಾ, "ಅಜ್ಜ ಇದನ್ನು ಮಾಳಿಗೆಯಲ್ಲಿ ಮಾತ್ರ ಹಾಕುತ್ತಿದ್ದರಂತೆ, ಕೆಳಗೆ ಚಾವಡಿಯಲ್ಲಿ ಹಾಕಿದ್ದು ಇಲ್ಲವಂತೆ" ಎಂದರು. ಆ ಒಂದು ಮಾತಿನಲ್ಲಿ ಆ ಕಾಲದ ಸ್ಥಿತಿ ಪೂರ್ತಿಯಾಗಿ ಅಡಗಿದೆ. ಧ್ವನಿಮುದ್ರಣದ ಯಂತ್ರ ಭಾರತಕ್ಕೆ ಬಂದಾಗ ಅನೇಕ ಉಸ್ತಾದರು ಹಿಂಜರಿದರು. ಧೈರ್ಯದಿಂದ ಆ ಯಂತ್ರದ, ಧ್ವನಿ ಹಿಡಿಯುವ ಕಹಳೆಯ ಮುಂದೆ ನಿಂತವರಲ್ಲಿ ಹಾಡು ನೃತ್ಯಗಳನ್ನೇ ವೃತ್ತಿಯಾಗಿಸಿಕೊಂಡ ತವಾಯಫ್ ಪರಂಪರೆಯ ಗಾಯಕಿಯರೂ ರಂಗಭೂಮಿಯ ನಟಿಯರೂ ಮುಖ್ಯರು. ಅವರ ಹಾಡು ಎಲ್ಲರಿಗೂ ಬೇಕಿತ್ತು. ಅದನ್ನು ಹಿರಿಯರೆದುರು ಕೇಳುವುದು ಮಾತ್ರ ಮರ್ಯಾದೆಯಲ್ಲವೆಂದು ಭಾವಿಸುತ್ತಿದ್ದರು. ಆ ಅಜ್ಜ ಮಾಳಿಗೆಗೆ ಹತ್ತಿಯಾದರೂ ಕೇಳಿದರಲ್ಲ, ಒಡೆಯದಂತೆ ಕಾಪಾಡಿದರಲ್ಲ ಎಂಬುದಕ್ಕೆ ನಾನು ಅವರಿಗೆ ಋಣಿ.

ತಟ್ಟೆಯನ್ನು ನುಡಿಸುವ ಮೊದಲು ಓದಬೇಕು. ತಟ್ಟೆಯ ನಡುವಿಗೆ ಅಂಟಿಸಿದ ಚೀಟಿಯ (ಲೇಬಲ್) ಮೇಲೆ ಲೇಖನಿ ಹಿಡಿದು ಕುಳಿತ ದೇವದೂತನ ಚಿತ್ರವಿದ್ದರೆ ಅದು ಗ್ರಾಮಫೋನ್ ಕಂಪನಿಯ ಆರಂಭದ ವರ್ಷಗಳದು. ಕಹಳೆಗೆ ಕಿವಿಗೊಟ್ಟ ನಾಯಿಯ ಚಿತ್ರ ಚೀಟಿಗೆ ಬಂದದ್ದು ಅನಂತರ. ಒಂದೇ ಬದಿಯಲ್ಲಿ ಗೆರೆಗಳಿದ್ದು ಹಿಂಬದಿ ಬೋಳಾಗಿದ್ದರೆ ಅದು ಇನ್ನೂ ಹಳೆಯದು. ಚೀಟಿಯಲ್ಲಿ ಜರ್ಮನಿಯ ಹ್ಯಾನೋವರ್ ಹೆಸರು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. 1908ರಲ್ಲಿ ಕಲ್ಕತ್ತಾದ ಸಿಯಾಲ್ದಾದಲ್ಲಿ ಕಾರ್ಖಾನೆ ಆರಂಭವಾಗುವವರೆಗೆ ಇಲ್ಲಿ ಹಾಡಿದ್ದನ್ನು ಮೇಣದ ಮೇಲೆ ಕೊರೆದು, ಆ ಮೇಣದ ಅಚ್ಚನ್ನು ಹಡಗಿನಲ್ಲಿ ಹ್ಯಾನೋವರಿಗೆ ಕಳುಹಿಸಿ, ಅಲ್ಲಿ ತಟ್ಟೆಗಳನ್ನು ಒತ್ತಿಸಿ ಮರಳಿ ತರಿಸುತ್ತಿದ್ದರು. ಹಾಡಿದವರು ಕೊನೆಯಲ್ಲಿ ತಮ್ಮ ಹೆಸರು ಹೇಳುವ ರೂಢಿ ಹುಟ್ಟಿದ್ದು ಇದರಿಂದಲೇ ಎನ್ನುತ್ತಾರೆ. ಭಾಷೆ ತಿಳಿಯದ ಜರ್ಮನಿಯ ಕೆಲಸಗಾರನಿಗೆ ಯಾವುದು ಯಾರ ಹಾಡೆಂದು ಗುರುತಿಸಲು ಆ ಹೆಸರೇ ಆಧಾರವಾಗಿತ್ತು. ಗೌಹರ್ ಜಾನ್ ಅವರ ಹಲವು ಮುದ್ರಿಕೆಗಳ ಕೊನೆಯಲ್ಲಿ "ಮೈ ನೇಮ್ ಈಸ್ ಗೌಹರ್ ಜಾನ್" ಎಂಬ ಘೋಷಣೆ ಕೇಳಿಸುತ್ತದೆ. ಕೆಲಸದ ಅನುಕೂಲಕ್ಕಾಗಿ ಬಂದ ಆ ವಾಕ್ಯವನ್ನು ಅವರು ಎಂಥ ಆತ್ಮವಿಶ್ವಾಸದಿಂದ ಹೇಳುತ್ತಾರೆಂದರೆ, ಕೇಳಿದವರು ಹಾಡನ್ನು ಮರೆತರೂ ಅದನ್ನು ಮರೆಯುವುದಿಲ್ಲ.

ಇನ್ನು ಶುಚಿಗೊಳಿಸುವ ಕೆಲಸ. ಈ ತಟ್ಟೆಗಳಲ್ಲಿ ಅರಗು ಅಂಟಿನ ಕೆಲಸ ಮಾಡುತ್ತದೆ. ತೂಕದಲ್ಲಿ ಹೆಚ್ಚಿನ ಪಾಲು ಕಲ್ಲಿನ ಪುಡಿ, ಹತ್ತಿಯ ಎಳೆ ಮತ್ತು ಕಪ್ಪು ಬಣ್ಣಕ್ಕಾಗಿ ಸೇರಿಸಿದ ಮಸಿಯದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅವುಗಳ ಮೇಲೆ, ಅದಕ್ಕಿಂತ ಹೆಚ್ಚಾಗಿ ಕಾಗದದ ಚೀಟಿ ಮತ್ತು ಲಕೋಟೆಗಳ ಮೇಲೆ, ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಬೇರೆ ಎಲ್ಲವನ್ನೂ ಒರೆಸಲು ಬಳಸುವ ಸ್ಪಿರಿಟ್ಟನ್ನು ಇದಕ್ಕೆ ಎಂದಿಗೂ ಮುಟ್ಟಿಸಬಾರದು, ಏಕೆಂದರೆ ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಗೆರೆಯೊಂದಿಗೆ ಹಾಡೂ ಕರಗುತ್ತದೆ. ನಾನು ಬಟ್ಟಿ ಇಳಿಸಿದ ನೀರಿಗೆ ಸೌಮ್ಯವಾದ, ಬಣ್ಣ ಪರಿಮಳಗಳಿಲ್ಲದ ತೊಳೆಯುವ ದ್ರವದ ಕೆಲವೇ ಹನಿ ಬೆರೆಸಿ, ಮೃದುವಾದ ಬ್ರಷ್ಷಿನಿಂದ ಗೆರೆಗಳ ಜಾಡಿನಲ್ಲಿಯೇ ಸುತ್ತು ತಿರುಗಿಸಿ, ಚೀಟಿ ಒದ್ದೆಯಾಗದಂತೆ ನೋಡಿಕೊಂಡು, ಶುದ್ಧ ನೀರಿನಿಂದ ತೊಳೆದು ತಕ್ಷಣವೇ ಒರೆಸುತ್ತೇನೆ. ತೇವ ಹೆಚ್ಚು ಹೊತ್ತು ನಿಂತರೆ ಒಳಗಿನ ಪುಡಿ ಮತ್ತು ಹತ್ತಿ ಅದನ್ನು ಹೀರಿಕೊಳ್ಳುತ್ತವೆ. ಒಣಗಿಸುವುದು ಫ್ಯಾನಿನ ಗಾಳಿಯಲ್ಲಿ. ಅಂಗಳದ ಬಿಸಿಲಿಗೆ ಇಟ್ಟರೆ ತಟ್ಟೆ ಬಾಗುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ಹವೆಯಲ್ಲಿ ಈ ಕೆಲಸ ಮುಗಿಸಿಕೊಳ್ಳುವುದು ಕ್ಷೇಮ. ಅನಂತರ ಹೊಸ ಲಕೋಟೆಗೆ ಹಾಕಿ ಕಪಾಟಿನಲ್ಲಿ ನೇರವಾಗಿ ನಿಲ್ಲಿಸಬೇಕು. ಒಂದರ ಮೇಲೊಂದು ಪೇರಿಸಿದರೆ ಅಡಿಯದು ಬಿರುಕು ಬಿಡುತ್ತದೆ.

ಆ ಮನೆಯಲ್ಲಿ ಕೀಲಿ ಕೊಡುವ ಹಳೆಯ ಗ್ರಾಮಫೋನ್ ಯಂತ್ರವೂ ಇತ್ತು, ಅದರಲ್ಲೇ ಹಾಕಬಾರದೇಕೆ ಎಂದು ಕೆಲವರು ಕೇಳಿದರು. ನೋಡಲು ಚೆಂದವೇನೋ ಹೌದು. ಆದರೆ ಅದರ ಧ್ವನಿಪೆಟ್ಟಿಗೆಯ ಭಾರ ಪೂರ್ತಿಯಾಗಿ ಉಕ್ಕಿನ ಮುಳ್ಳಿನ ಮೊನೆಯ ಮೇಲೆ ಬೀಳುತ್ತದೆ, ಪ್ರತಿ ಬದಿಗೂ ಹೊಸ ಮುಳ್ಳು ಹಾಕಬೇಕಾಗುತ್ತದೆ, ಹಾಗೆ ಹಾಕಿದರೂ ಪ್ರತಿ ಸಲ ಗೆರೆ ಸವೆಯುತ್ತದೆ. ಬದಲಿ ಸಿಗದ ತಟ್ಟೆಗೆ ಇದು ತಕ್ಕುದಲ್ಲ. ನಾನು ವೇಗವನ್ನು ಬೇಕಾದಂತೆ ಏರಿಳಿಸಬಹುದಾದ ವಿದ್ಯುತ್ ಟರ್ನ್‌ಟೇಬಲ್ ಬಳಸಿದೆ. ಅನಂತರದ ಕಾಲದ, ಹೆಚ್ಚು ಹೊತ್ತು ನುಡಿಯುವ ಎಲ್‌ಪಿ ತಟ್ಟೆಗಳಿಗೆ ಮಾಡಿದ ಸಣ್ಣ ಮೊನೆಯ ಸ್ಟೈಲಸ್ (ನುಡಿಸುವ ಮುಳ್ಳು) ಈ ಅಗಲವಾದ ಗೆರೆಗಳ ತಳಕ್ಕೆ ಇಳಿದು ಅಲ್ಲಿನ ಕಸವನ್ನೇ ನುಡಿಸುತ್ತದೆ. ಇವಕ್ಕೆ ಅದರ ಸುಮಾರು ಮೂರು ಪಟ್ಟು ದಪ್ಪದ, 65ರಿಂದ 75 ಮೈಕ್ರಾನ್ ಮೊನೆಯ ಸ್ಟೈಲಸ್ ಬೇಕು. ಮುದ್ರಿಕೆ ಮೊನೊ ಆಗಿದ್ದರೂ ಎರಡೂ ಚಾನೆಲ್‌ಗಳಲ್ಲಿ ದಾಖಲಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗೆರೆಯ ಎರಡು ಗೋಡೆಗಳು ಸಮನಾಗಿ ಸವೆದಿರುವುದಿಲ್ಲ, ಅನಂತರ ಕಡಿಮೆ ಸವೆದ ಗೋಡೆಯನ್ನು ಆರಿಸಿಕೊಳ್ಳಬಹುದು. ಎಲ್‌ಪಿ ಕಾಲಕ್ಕೆ ರೂಪಿಸಿದ ಸ್ವರ ಸಮೀಕರಣವನ್ನು (ತಗ್ಗು ಮತ್ತು ಎತ್ತರದ ಸ್ವರಗಳ ಪ್ರಮಾಣವನ್ನು ಸರಿದೂಗಿಸುವ ಕ್ರಮವನ್ನು) ಇವುಗಳಿಗೆ ಹಚ್ಚಬಾರದು. 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇದ್ದದ್ದನ್ನು ಇದ್ದಂತೆ ದಾಖಲಿಸಿ ಆ ಕಡತವನ್ನು ಎಂದೂ ತಿದ್ದದೆ ಇಟ್ಟುಕೊಂಡು, ಅದರ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿದೆ. ಕರಕರ ಸದ್ದನ್ನು ತೆಗೆಯುವ ತಂತ್ರಾಂಶಗಳು ಧಾರಾಳವಾಗಿ ಸಿಗುತ್ತವೆ. ಅವುಗಳನ್ನು ಹೆಚ್ಚು ಬಳಸಿದಷ್ಟೂ ಗಾಯಕಿಯ ವ್ಯಂಜನಗಳು ಮೊಂಡಾಗುತ್ತವೆ. ಬಿರುಕಿನಿಂದ ಪ್ರತಿ ಸುತ್ತಿಗೂ ಬರುವ ಟಕ್ಕೆಂಬ ಸದ್ದನ್ನು ತೆಗೆದು, ಗೆರೆಯ ಸಹಜವಾದ ಸರಸರವನ್ನು ಉಳಿಸಿದೆ. ಕೇಳುಗರ ಕಿವಿ ಅರ್ಧ ನಿಮಿಷದಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಹಿಡಿದಿಟ್ಟದ್ದು ವೇಗ. ಇವುಗಳನ್ನು 78ರ ತಟ್ಟೆ ಎಂದು ಕರೆಯುತ್ತೇವಾದರೂ 1900ರ ದಶಕದಲ್ಲಿ ನಿಮಿಷಕ್ಕೆ 78 ಸುತ್ತು ಎಂಬುದು ಸ್ಥಿರವಾದ ನಿಯಮವಾಗಿರಲಿಲ್ಲ. ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಆಚೆಯವರೆಗೂ ಮುದ್ರಣದ ವೇಗ ಏರಿಳಿಯುತ್ತಿತ್ತು. ಸುಮಾರು ಶೇಕಡಾ 6ರಷ್ಟು ವೇಗ ಬದಲಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯಷ್ಟು ಸರಿಯುತ್ತದೆ. ಅಂದರೆ 78ರಲ್ಲಿ ಕಪ್ಪು ಐದಾಗಿ (ಹಾರ್ಮೋನಿಯಂನ ಐದನೆಯ ಕಪ್ಪು ಮನೆಯಾಗಿ) ಕೇಳುವ ಷಡ್ಜ, ಎಂದರೆ ಹಾಡಿನ ಆಧಾರಸ್ವರ 'ಸ', 73.6 ಸುತ್ತಿನಲ್ಲಿ ಬಿಳಿ ಆರಕ್ಕೆ ಇಳಿಯುತ್ತದೆ, 3 ನಿಮಿಷದ ಹಾಡು 11 ಸೆಕೆಂಡು ಉದ್ದವಾಗುತ್ತದೆ, ಲಯ ಬೇರೆಯಾಗುತ್ತದೆ, ಗಾಯಕಿಯ ವಯಸ್ಸೇ ಬೇರೆಯೆಂಬಂತೆ ಕೇಳಿಸುತ್ತದೆ. ಆ ಕಾಲದ ಗಾಯಕಿಯರ ಧ್ವನಿ ಕೀಚಲು ಎಂದು ಅನೇಕರು ತೀರ್ಮಾನಿಸಿರುವುದಕ್ಕೆ ತಪ್ಪು ವೇಗವೂ ಒಂದು ದೊಡ್ಡ ಕಾರಣವೆಂದು ನಾನು ಬಲವಾಗಿ ನಂಬುತ್ತೇನೆ.

ನನ್ನ ಕೈಯಲ್ಲಿದ್ದ ಭೈರವಿ ರಾಗದ ಒಂದು ಠುಮ್ರಿಯನ್ನು (ಭಾವಪ್ರಧಾನವಾದ ಹಿಂದುಸ್ತಾನಿ ಹಾಡನ್ನು) 78ರಲ್ಲಿ ಹಾಕಿದಾಗ ಷಡ್ಜವು ಕಪ್ಪು ಐದಕ್ಕೂ ಬಿಳಿ ಏಳಕ್ಕೂ ನಟ್ಟನಡುವೆ ನಿಂತಿತು. ಜೊತೆಗೆ ಹಾರ್ಮೋನಿಯಂ ನುಡಿಯುತ್ತಿದ್ದುದರಿಂದ ಅದು ಯಾವುದಾದರೊಂದು ಮನೆಯ ಮೇಲೆ ಕೂರಲೇಬೇಕು. ಸುಮಾರು 76ಕ್ಕೆ ಇಳಿಸಿದರೆ ಕಪ್ಪು ಐದು, 80ರ ಮೇಲಕ್ಕೆ ಏರಿಸಿದರೆ ಬಿಳಿ ಏಳು. ಆ ಕಾಲದ ಹಾರ್ಮೋನಿಯಂಗಳ ಶ್ರುತಿ ಇಂದಿನ 440 ಹರ್ಟ್ಸ್ ಅಳತೆಗೆ ಹೊಂದಿರಲೇಬೇಕೆಂಬ ನಿಯಮವಿಲ್ಲವಾದ್ದರಿಂದ ಈ ಲೆಕ್ಕವನ್ನು ಪೂರ್ತಿ ನಂಬುವಂತೆಯೂ ಇರಲಿಲ್ಲ; ಎಲ್ಲಿ ಹುಡುಕಬೇಕೆಂದು ತೋರಿಸಲು ಮಾತ್ರ ಅದು ಸಾಕು. ನಿರ್ಧಾರಕ್ಕೆ ಬರಲು ನೆರವಾದದ್ದು ಮಾತು. ಹಾಡುವಾಗ ಮನುಷ್ಯ ಯಾವ ಎತ್ತರಕ್ಕೂ ಏರಬಹುದು, ಆದರೆ ಮಾತನಾಡುವ ಧ್ವನಿಗೆ ಅದರದೇ ಆದ ಮೈಕಟ್ಟು ಇರುತ್ತದೆ, ಸ್ವರಾಕ್ಷರಗಳ ಬಣ್ಣ ವೇಗ ತಪ್ಪಿದೊಡನೆ ಕೆಡುತ್ತದೆ. ಕೊನೆಯ ಹೆಸರಿನ ಘೋಷಣೆಯನ್ನು ಬೇರೆ ಬೇರೆ ವೇಗಗಳಲ್ಲಿ ಕೇಳುತ್ತಾ ಹೋದಾಗ 80ರಲ್ಲಿ ಅದು ಮಗುವಿನ ಮಾತಿನಂತಾಯಿತು. 76ರಲ್ಲಿ ಪ್ರಾಯದ ಹೆಂಗಸೊಬ್ಬಳು ಗತ್ತಿನಿಂದ, ತುಸು ಎತ್ತರಿಸಿದ ದನಿಯಲ್ಲಿ ಮಾತನಾಡಿದಂತೆ ಕೇಳಿಸಿತು. ಅದೇ ವೇಗದಲ್ಲಿ ಸಾರಂಗಿಯ ಮೀಂಡಿನಲ್ಲಿ (ಸ್ವರದಿಂದ ಸ್ವರಕ್ಕೆ ಜಾರುವ ನಡೆಯಲ್ಲಿ) ಇದ್ದ ಅವಸರ ಹೋಯಿತು, ವೇಗದ ಸ್ವರಸಾಲಾದ ತಾನಿನ ಒಂದೊಂದು ಸ್ವರವೂ ಬಿಡಿಸಿಟ್ಟಂತೆ ಸ್ಪಷ್ಟವಾಯಿತು. ಮೂರು ಸುಳಿವುಗಳು ಒಂದೇ ಕಡೆ ಬೆರಳು ತೋರಿದ ಮೇಲೆ ನಾನು ಆ ವೇಗವನ್ನು ಒಪ್ಪಿ, ಕಡತದ ಹೆಸರಿನಲ್ಲಿಯೇ ಅದನ್ನು ನಮೂದಿಸಿದೆ. ಮುಂದೆ ಬೇರೆಯವರಿಗೆ ಬೇರೆ ಅಭಿಪ್ರಾಯವಿದ್ದರೆ ಮೂಲ ಕಡತದಿಂದ ಮತ್ತೆ ಆರಂಭಿಸಬಹುದು.

ಹೀಗೆ ಸಿಕ್ಕ ಧ್ವನಿ ನನ್ನನ್ನು ಹಿಡಿದು ನಿಲ್ಲಿಸಿತು. 1925ರಲ್ಲಿ ಮೈಕ್ರೊಫೋನ್ ಬರುವವರೆಗೆ ಗಾಯಕರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಧ್ವನಿಯ ಒತ್ತಡವೇ ಕಹಳೆಯ ತುದಿಯ ತೆಳುಪೊರೆಯನ್ನು ಅಲುಗಿಸಿ, ಆ ಪೊರೆಗೆ ಕಟ್ಟಿದ ಮೊನೆ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. ಮಂದ್ರದ ಆಳವೂ ಸುಮಾರು 2500 ಹರ್ಟ್ಸ್‌ಗಿಂತ ಮೇಲಿನ ಹೊಳಪೂ ಅದಕ್ಕೆ ಹೆಚ್ಚಾಗಿ ಸಿಕ್ಕುತ್ತಿರಲಿಲ್ಲ. ತಂಬೂರಿ ಇದ್ದರೂ ಕೇಳುತ್ತಿರಲಿಲ್ಲ, ತಬಲಾ ಮಸುಕಾಗಿ ಬೀಳುತ್ತಿತ್ತು. ಜೋರಾಗಿ ಹಾಡಿದರೆ ಮೊನೆ ಎಗರುವ ಭಯ, ಮೆಲ್ಲಗೆ ಹಾಡಿದರೆ ಗೆರೆಯೇ ಮೂಡದ ಭಯ. ಇದರ ಜೊತೆಗೆ ಕಾಲದ ಕಟ್ಟುಪಾಡು: 10 ಅಂಗುಲದ ತಟ್ಟೆಯ ಒಂದು ಬದಿಗೆ ಸುಮಾರು 3 ನಿಮಿಷ. ರಾತ್ರಿ ಬೈಠಕ್ಕಿನಲ್ಲಿ ಒಂದು ರಾಗವನ್ನು ಒಂದು ಗಂಟೆ ಹರಡುತ್ತಿದ್ದ ಕಲಾವಿದೆ ಅದನ್ನು ಇಷ್ಟರೊಳಗೆ ಹೇಗೆ ತಂದರು ಎಂಬುದೇ ನನ್ನ ದೃಷ್ಟಿಯಲ್ಲಿ ಅವರ ಜೀವನಚರಿತ್ರೆಯ ತಿರುಳು. ಆ ಠುಮ್ರಿಯಲ್ಲಿ ಆಲಾಪದ ಪೀಠಿಕೆ ಇಲ್ಲ. ಮೊದಲ ಸೆಕೆಂಡಿನಲ್ಲೇ ಮುಖಡಾ (ಮತ್ತೆ ಮತ್ತೆ ಮರಳುವ ಮೊದಲ ಸಾಲು), ಅದೂ ರಾಗದ ಗುರುತು ತಕ್ಷಣ ಸಿಗುವಂತೆ ಕೋಮಲ ಋಷಭವನ್ನು (ತಗ್ಗಿಸಿದ 'ರಿ' ಸ್ವರವನ್ನು) ಮುಟ್ಟಿಕೊಂಡೇ ಬರುತ್ತದೆ. ಎರಡನೆಯ ಆವೃತ್ತಿಯಲ್ಲಿ ಅದೇ ಸಾಲಿಗೆ ಬೇರೆ ಬಾಗು, ಮೂರನೆಯದರಲ್ಲಿ ಅದೇ ಪದಕ್ಕೆ ಬೇರೆ ಭಾವ, ನಡುವೆ ಮಿಂಚಿ ಮರೆಯಾಗುವ ಒಂದು ಸಣ್ಣ ತಾನು, ಹಾಡಿನ ಎರಡನೆಯ ಭಾಗವಾದ ಅಂತರಾದಲ್ಲಿ ತಾರಷಡ್ಜದ (ಮೇಲಿನ 'ಸ'ದ) ಮೇಲೆ ಅರೆಕ್ಷಣದ ನಿಲುಗಡೆ, ಮತ್ತೆ ಮುಖಡಾ, ಕೊನೆಗೆ ಹೆಸರು. ಎಲ್ಲಿಯೂ ಕತ್ತರಿಸಿದ ಗುರುತಿಲ್ಲ. ದೊಡ್ಡದನ್ನು ಮೊಟಕುಗೊಳಿಸಿದ ಹಾಗೆ ಇದು ಕೇಳಿಸುವುದಿಲ್ಲ, 3 ನಿಮಿಷಕ್ಕೆಂದೇ ಹೊಸದಾಗಿ ಕಟ್ಟಿದ ರೂಪವೆಂದೇ ನಾನು ಹೇಳುತ್ತೇನೆ. ಅನಂತರದ ದಶಕಗಳಲ್ಲಿ ತಟ್ಟೆಗೆ ಹಾಡಿದ ಎಲ್ಲರೂ ಈ ರೂಪವನ್ನು ಒಂದಲ್ಲ ಒಂದು ಬಗೆಯಲ್ಲಿ ಅನುಸರಿಸಿದರು.

ಕೂಟದ ದಿನ ನಾನು ಏನನ್ನೂ ಹೇಳದೆ ಮೊದಲು ಆ ಠುಮ್ರಿಯನ್ನು ಹಾಕಿದೆ. ನಮ್ಮಲ್ಲಿ ನಿವೃತ್ತರಾದ ಯಕ್ಷಗಾನ ಭಾಗವತರೊಬ್ಬರು ಬಂದಿದ್ದರು. ರಾತ್ರಿಯಿಡೀ ಆಟ ಆಡಿಸಿದ ಅನುಭವದವರು. ಹಾಡು ಮುಗಿದೊಡನೆ ಅವರು, "ಉಸಿರು ತೆಗೆದುಕೊಂಡದ್ದು ಎಲ್ಲಿ ಮಾರಾಯ್ರೆ? ಇನ್ನೊಮ್ಮೆ ಹಾಕಿ" ಎಂದರು. ನಾನು ಸಿದ್ಧಪಡಿಸಿಕೊಂಡಿದ್ದ ಯಾವ ಪೀಠಿಕೆಗಿಂತಲೂ ಅದು ಒಳ್ಳೆಯ ಪ್ರಶ್ನೆ. ಮತ್ತೊಮ್ಮೆ ಹಾಕಿದಾಗ, ಸಾರಂಗಿ ಸಾಲನ್ನು ಎತ್ತಿಕೊಳ್ಳುವ ಕಡೆಯಲ್ಲೇ ಗಾಯಕಿ ಉಸಿರು ತುಂಬಿಕೊಳ್ಳುವುದನ್ನು ಅವರೇ ಕೈಸನ್ನೆಯಿಂದ ಎಲ್ಲರಿಗೂ ತೋರಿಸಿದರು. ಇಷ್ಟು ಹದವಾದ ಧ್ವನಿ ಎಲ್ಲಿ ತಯಾರಾಯಿತು ಎಂದು ಸಭೆ ಕೇಳಿತು, ಜೀವನದ ಕಥೆಗೆ ದಾರಿ ತೆರೆಯಿತು.

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು, ಆಜಂಗಢದಲ್ಲಿ. ಹುಟ್ಟುಹೆಸರು ಏಂಜಲಿನಾ ಯೋವರ್ಡ್. ತಂದೆ ಆರ್ಮೇನಿಯನ್ ಮೂಲದ ರಾಬರ್ಟ್ ವಿಲಿಯಂ ಯೋವರ್ಡ್, ತಾಯಿ ವಿಕ್ಟೋರಿಯಾ ಹೆಮಿಂಗ್ಸ್. 1879ರಲ್ಲಿ ಆ ದಾಂಪತ್ಯ ಮುರಿಯಿತು. ತಾಯಿ ಮಗಳೊಂದಿಗೆ ಬನಾರಸಿಗೆ ಹೋಗಿ, ಇಸ್ಲಾಂ ಧರ್ಮವನ್ನು ಸ್ವೀಕರಿಸಿ ಮಲ್ಕಾ ಜಾನ್ ಎಂದಾದರು. ಮಗಳು ಗೌಹರ್ ಜಾನ್ ಆದಳು. ಮಲ್ಕಾ ಜಾನ್ ಸ್ವತಃ ಗಾಯಕಿ, ನರ್ತಕಿ, ಕವಯಿತ್ರಿ. 1883ರಲ್ಲಿ ಇಬ್ಬರೂ ಕಲ್ಕತ್ತಾಕ್ಕೆ ಬಂದರು. ಪದಚ್ಯುತನಾದ ಅವಧದ ನವಾಬ ವಾಜಿದ್ ಅಲಿ ಶಾಹ್ ಮಟಿಯಾಬುರ್ಜ್‌ನಲ್ಲಿ ನೆಲೆಸಿ ಲಖನೌದ ಸಂಗೀತ ನೃತ್ಯಗಳನ್ನು ಅಲ್ಲಿ ಬೆಳೆಸಿದ್ದ ಕಾಲವದು. ಮಗಳ ಶಿಕ್ಷಣಕ್ಕೆ ತಾಯಿ ಯಾವುದರಲ್ಲೂ ಕಡಿಮೆ ಮಾಡಲಿಲ್ಲ: ಪಟಿಯಾಲದ ಕಾಲೇ ಖಾನ್, ರಾಂಪುರದ ವಜೀರ್ ಖಾನ್, ಲಖನೌದ ಅಲಿ ಬಕ್ಷ್ ಅವರಿಂದ ಹಾಡು, ಬಿಂದಾದೀನ್ ಮಹಾರಾಜರಿಂದ ಕಥಕ್, ಚರಣ್ ದಾಸ್ ಅವರಿಂದ ಬಂಗಾಳಿ ಕೀರ್ತನ. 1887ರಲ್ಲಿ ದರ್ಭಂಗಾ ಅರಮನೆಯಲ್ಲಿ ಮೊದಲ ಕಛೇರಿ. 'ಹಮ್‌ದಮ್' ಎಂಬ ಅಂಕಿತದಲ್ಲಿ ತಾವೇ ರಚನೆಗಳನ್ನೂ ಮಾಡುತ್ತಿದ್ದರು. 1902ರಲ್ಲಿ ಕಹಳೆಯ ಮುಂದೆ ನಿಂತಾಗ ಅವರಿಗೆ 29 ವರ್ಷ. ಅಷ್ಟರಲ್ಲಿ ಒಂದೂವರೆ ದಶಕದ ಸಭಾನುಭವ ಬೆನ್ನಿಗಿತ್ತು. ಭಾಗವತರು ಗುರುತಿಸಿದ ಉಸಿರಿನ ಹದಕ್ಕೆ ಈ ತಯಾರಿಯೇ ಕಾರಣ.

ಭಾರತದಲ್ಲಿ ಮೊದಲು ಧ್ವನಿಮುದ್ರಣಗೊಂಡವರು ಗೌಹರ್ ಜಾನ್ ಎಂದು ಎಲ್ಲೆಡೆ ಬರೆಯುತ್ತಾರೆ. ನಾನು ಸಭೆಯಲ್ಲಿ ಹಾಗೆ ಹೇಳಲಿಲ್ಲ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ 1902ರ ನವೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಯಂತ್ರ ಹೂಡಿದಾಗ ಮೊದಲು ಹಾಡಿದವರು ರಂಗಭೂಮಿಯ ಶಶಿಮುಖಿ ಮತ್ತು ಫಣಿಬಾಲಾ ಎಂಬ ಹುಡುಗಿಯರು. ಗೌಹರ್ ಜಾನ್ ಅವರ ಸರದಿ ಅದರ ಹಿಂದೆಯೇ ಬಂತು. ಆ ಇಬ್ಬರ ಹೆಸರನ್ನು ಅಳಿಸಿ ಕೊಡುವ ಪ್ರಥಮ ಸ್ಥಾನ ಗೌಹರ್ ಜಾನ್ ಅವರಿಗೆ ಬೇಕಾಗಿಯೂ ಇಲ್ಲ. ತಟ್ಟೆಯ ಹಾಡಿನಿಂದ ದೇಶದಾದ್ಯಂತ ಮನೆಮಾತಾದವರಲ್ಲಿ ಅವರೇ ಮೊದಲಿಗರು. ಸುಮಾರು 600 ಮುದ್ರಿಕೆಗಳು, ಹತ್ತಕ್ಕೂ ಹೆಚ್ಚು ಭಾಷೆಗಳು. 1911ರ ಡಿಸೆಂಬರಿನ ದೆಹಲಿ ದರ್ಬಾರಿನಲ್ಲಿ ಐದನೆಯ ಜಾರ್ಜ್ ದೊರೆಯ ಮುಂದೆ ಅಲಹಾಬಾದಿನ ಜಾನಕಿಬಾಯಿಯವರೊಂದಿಗೆ ಜೋಡಿಹಾಡು. ಅವರನ್ನು ಎಂದೂ ನೋಡದ ಮಂಗಳೂರಿನ ವ್ಯಾಪಾರಿಯೊಬ್ಬರು ಮಾಳಿಗೆಯ ಮೇಲೆ ಅವರ ಹಾಡನ್ನು ಕೇಳುತ್ತಿದ್ದರೆಂಬುದು ಈ ಖ್ಯಾತಿಯ ಅಳತೆಯಾಗಿ ನನಗೆ ದರ್ಬಾರಿಗಿಂತ ಹೆಚ್ಚಿನದೆನಿಸುತ್ತದೆ.

1906ರಲ್ಲಿ ತಾಯಿ ತೀರಿಕೊಂಡರು. ಅನಂತರ ಆಸ್ತಿಯ ವ್ಯಾಜ್ಯ, ಮುರಿದ ಸಂಬಂಧಗಳು, ಕರಗಿದ ಹಣ. ಇದನ್ನು ನಾನು ಚುಟುಕಾಗಿಯೇ ಹೇಳಿ ಮುಗಿಸಿದೆ. ಇದರ ವಿವರಗಳಿಗೆ ಕಿವಿಗೊಡುವವರು ಯಾವಾಗಲೂ ಹೆಚ್ಚು, ಆದರೆ ತಟ್ಟೆಯಲ್ಲಿ ಕೇಳಿದ ಧ್ವನಿಗೆ ಅವುಗಳಿಂದ ಯಾವ ಬೆಳಕೂ ಬೀಳುವುದಿಲ್ಲ.

ಮೈಸೂರಿನ ಭಾಗಕ್ಕೆ ಮಾತ್ರ ಹೆಚ್ಚು ಸಮಯ ಕೊಟ್ಟೆ. 1928ರ ಆಗಸ್ಟ್ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಅವರನ್ನು ಅರಮನೆಯ ಸಂಗೀತಗಾರ್ತಿಯಾಗಿ ನೇಮಿಸಲಾಯಿತು. ಕಲ್ಕತ್ತಾದಲ್ಲಿ ಅವರ ಮೊದಲ ತಟ್ಟೆ ಮೂಡಿದ 1902ರಲ್ಲೇ, ಅದೇ ವರ್ಷದ ಆಗಸ್ಟ್‌ನಲ್ಲಿ, ನಾಲ್ವಡಿಯವರು ಪೂರ್ಣಾಧಿಕಾರ ವಹಿಸಿಕೊಂಡಿದ್ದರು. ಮೈಸೂರಿನ ಆಸ್ಥಾನದಲ್ಲಿ ಆಗ ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಇದ್ದರು; ಹಿಂದುಸ್ತಾನಿ ಗಾಯಕರಿಗೂ ಅಲ್ಲಿ ಹಿಂದಿನಿಂದಲೇ ಗೌರವವಿತ್ತು. ಹೀಗಾಗಿ ಅವರು ಮೈಸೂರಿಗೆ ಬಂದದ್ದನ್ನು ಆಶ್ರಯವಿಲ್ಲದವಳಿಗೆ ಸಿಕ್ಕ ಭಿಕ್ಷೆಯಂತೆ ವರ್ಣಿಸುವುದು ನನಗೆ ಒಪ್ಪಿಗೆಯಿಲ್ಲ. ಸಂಗೀತ ಬಲ್ಲ ಅರಸರು ಸಂಗೀತಗಾರ್ತಿಗೆ ಕೊಟ್ಟ ಹುದ್ದೆ ಅದು. ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1930ರ ಜನವರಿ 17ರಂದು, ತಮ್ಮ 56ನೆಯ ವಯಸ್ಸಿನಲ್ಲಿ ಅವರು ಮೈಸೂರಿನಲ್ಲಿ ನಿಧನರಾದರು. ಕನ್ನಡ ನಾಡಿನ ಮಣ್ಣಿನಲ್ಲಿ ಅವರ ಬದುಕು ಮುಗಿಯಿತೆಂಬುದು ಸಭೆಯಲ್ಲಿದ್ದ ಹಲವರಿಗೆ ಹೊಸ ಸುದ್ದಿಯಾಗಿತ್ತು.

ಶುಚಿಗೊಳಿಸಿದ ತಟ್ಟೆಗಳನ್ನು ಹೊಸ ಲಕೋಟೆಗಳೊಂದಿಗೆ ರಥಬೀದಿಯ ಮನೆಗೆ ಹಿಂದಿರುಗಿಸಿದ್ದೇನೆ. ಮೂಲ ಕಡತಗಳ ಒಂದು ಪ್ರತಿ ಅವರಲ್ಲಿದೆ, ಇನ್ನೊಂದು ನನ್ನಲ್ಲಿದೆ; ಪ್ರತಿಯೊಂದಕ್ಕೂ ಚೀಟಿಯ ಬರಹ, ಚೀಟಿಯ ಹತ್ತಿರ ಕೊರೆದ ಸಂಖ್ಯೆ, ಬಳಸಿದ ಮೊನೆಯ ಅಳತೆ, ನಿರ್ಧರಿಸಿದ ವೇಗ ಮತ್ತು ಅದಕ್ಕೆ ಕಾರಣ ಇವಿಷ್ಟನ್ನು ಬರೆದ ಪುಟವೊಂದನ್ನು ಜೊತೆಗಿಟ್ಟಿದ್ದೇನೆ. ಅದೇ ಕಟ್ಟಿನಲ್ಲಿ ಜಾನಕಿಬಾಯಿಯವರ ಎರಡು ತಟ್ಟೆಗಳು ಸಿಕ್ಕಿವೆ. ಭಾಗವತರು ಮುಂದಿನ ಕೂಟಕ್ಕೆ ಅವುಗಳನ್ನೇ ಹಾಕಬೇಕೆಂದು ಕೇಳಿದ್ದಾರೆ, ಒಂದರ ಅಂಚು ಸ್ವಲ್ಪ ಮುಕ್ಕಾಗಿರುವುದರಿಂದ ಹಾಡಿನ ಆರಂಭದ ಕೆಲವು ಸುತ್ತುಗಳನ್ನು ಬಿಟ್ಟು ಒಳಗಿನಿಂದ ದಾಖಲಿಸಿಕೊಳ್ಳುತ್ತಿದ್ದೇನೆ.